ಗೋಪ್ಯವೂ ಗೃಹಸ್ಥಧರ್ಮವೂ

ಮನುಷ್ಯನು ಯತ್ನಪೂರ್ವಕವಾಗಿ ಮರೆಯಲ್ಲಿಟ್ಟುಕೊಳ್ಳತಕ್ಕ ವಿಷಯಗಳು ಒಂಬತ್ತೆಂದು ಹಿಂದಿನ ನೀತಿಕಾರರು ಎಣಿಸಿರುವರು: ಆಯುಸ್ಸು, ಐಶ್ವರ್ಯ, ಮನೆಯ ಹುಳುಕು, ಮಂತ್ರ, ಔಷಧ, ದಾಂಪತ್ಯಸುಖ, ದಾನ, ಮಾನ, ಅಪಮಾನ. ಈ ಪಟ್ಟಿಯಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಇವುಗಳಲ್ಲಿ ಯಾವುದೂ ಸ್ವತಃ ಪಾಪವಲ್ಲ. ಹಣವುಳ್ಳವನೆಲ್ಲ ಕಳ್ಳನಲ್ಲ, ಔಷಧವನ್ನು ಸೇವಿಸುವವನು ಅಪರಾಧಿಯಲ್ಲ, ದಾನಮಾಡುವುದಂತೂ ಪುಣ್ಯವೇ ಸರಿ. ಆದರೂ ಇವುಗಳನ್ನು ಬೀದಿಗೆ ತರಬಾರದೆಂದು ಹಿರಿಯರು ವಿಧಿಸಿದರು. ಗೋಪ್ಯಕ್ಕೂ ಅಪರಾಧಕ್ಕೂ ಗಂಟುಹಾಕುವುದು ಸರಿಯಲ್ಲವೆಂಬುದು ಆ ಎಣಿಕೆಯಿಂದಲೇ ವಿಶದವಾಗುವುದು.

ಈಗಿನ ಗೃಹಸ್ಥರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆಪ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಈ ಒಂಬತ್ತನ್ನೂ ಬಹುಮಟ್ಟಿಗೆ ತಾವಾಗಿಯೇ ಹರವಿ ಇಡುವರು. ಹುಟ್ಟುಹಬ್ಬದ ಶುಭಾಶಯಗಳಲ್ಲಿ ಆಯುಸ್ಸು ಬಯಲಾಗುವುದು. ಹೊಸ ಕಾರಿನ ಮುಂದೆ ನಿಂತ ಚಿತ್ರದಲ್ಲಿ ಐಶ್ವರ್ಯ. ಆಸ್ಪತ್ರೆಯ ಹಾಸಿಗೆಯ ಚಿತ್ರದಲ್ಲಿ ಔಷಧ. ಅನ್ನದಾನದ ವರದಿಯಲ್ಲಿ ದಾನ. ಪರರ ದೃಷ್ಟಿ ತಾಗೀತೆಂದು ಮಗುವಿನ ಕೆನ್ನೆಗೆ ಕಪ್ಪುಬೊಟ್ಟನ್ನಿಡುವ ತಾಯಿಯೇ ಆ ಬೊಟ್ಟಿನ ಸಮೇತ ಮಗುವಿನ ಚಿತ್ರವನ್ನು ಹೆಸರರಿಯದ ಸಾವಿರಾರು ಕಣ್ಣುಗಳ ಮುಂದೆ ಇಡುವಳು. ಹಿಂದಿನ ಮನೆಗಳಲ್ಲಿ ಜಗಲಿ, ನಡುಮನೆ, ಒಳಮನೆ, ದೇವರಮನೆ ಎಂಬ ಅಂತರಗಳಿದ್ದುವು. ಜಗಲಿಯ ಮೇಲೆ ಆಡುವ ಮಾತೇ ಬೇರೆ, ಒಳಮನೆಯ ಮಾತೇ ಬೇರೆ. ಬಂದವನು ಎಲ್ಲಿಯವರೆಗೆ ಬರಬಹುದೆಂಬುದು ಬಂದವನಿಗೂ ಮನೆಯವರಿಗೂ ತಿಳಿದಿರುತ್ತಿತ್ತು. ಜಾಲತಾಣದಲ್ಲಿ ಈ ಅಂತರಗಳು ಅಳಿಸಿಹೋಗಿ, ಮನೆಯೆಲ್ಲವೂ ಜಗಲಿಯಾಗುವುದು.

ಇದಕ್ಕೆ ಮೊದಲನೆಯದಾಗಿ ಬರುವ ಸಮಾಧಾನವಿದು: “ಬಚ್ಚಿಡತಕ್ಕ ತಪ್ಪೇನನ್ನೂ ಮಾಡದವನಿಗೆ ಭಯವೇಕೆ?” ಈ ಮಾತು ಮೇಲ್ನೋಟಕ್ಕೆ ನಿರ್ಭೀತನ ಮಾತಿನಂತೆ ತೋರುವುದು. ಆದರೆ ಅಪಾಯವು ತಪ್ಪುಮಾಡಿದವನನ್ನೇ ಹುಡುಕಿಕೊಂಡು ಬರುವುದಿಲ್ಲ. ಬ್ಯಾಂಕಿನವರು ಫೋನಿನಲ್ಲಿ ಗುರುತನ್ನು ವಿಚಾರಿಸುವಾಗ ಹುಟ್ಟಿದ ತಾರೀಖನ್ನು ಕೇಳುವುದುಂಟು. ಮರೆತ ಗುಪ್ತಪದವನ್ನು ಮರಳಿ ಪಡೆಯಲು ತಾಯಿಯ ತವರುಮನೆಯ ಹೆಸರು, ಮೊದಲು ಓದಿದ ಶಾಲೆ ಇವುಗಳನ್ನು ಕೇಳುವ ಪದ್ಧತಿಯೂ ಉಂಟು. ಇವೆಲ್ಲವೂ ಜಾಲತಾಣದಲ್ಲಿ ಬಿಡಿಬಿಡಿಯಾಗಿ ಚೆಲ್ಲಿರುವಾಗ ವಂಚಕನಿಗೆ ಉಳಿಯುವ ಕೆಲಸವು ಆಯ್ದು ಜೋಡಿಸುವುದಷ್ಟೆ. ತೀರ್ಥಯಾತ್ರೆಯ ಚಿತ್ರಗಳು ದಿನದಿನವೂ ಪ್ರಕಟವಾದರೆ, ಮನೆಗೆ ಬೀಗಹಾಕಿದೆಯೆಂಬ ಸಮಾಚಾರವು ಕಳ್ಳನಿಗೆ ಶ್ರಮವಿಲ್ಲದೆ ದೊರೆಯುವುದು. ಕೆಲವು ಕ್ಷಣಗಳ ಧ್ವನಿಯನ್ನು ಕೇಳಿ ಅದನ್ನೇ ಅನುಕರಿಸಬಲ್ಲ ಯಂತ್ರಗಳು ಬಂದಿರುವ ಈ ಕಾಲದಲ್ಲಿ, ಮಗನ ಕಂಠದಲ್ಲಿಯೇ ಮೋಸಗಾರನು ತಾಯಿಯಿಂದ ಹಣವನ್ನು ಬೇಡಬಹುದು.

ಬಿಡಿಯಾಗಿ ನಿರುಪದ್ರವವಾದುದು ಕೂಡಿದಾಗ ಹಾಗೆ ಉಳಿಯುವುದಿಲ್ಲ. ಅಂಚೆಯ ವಲಯಸಂಖ್ಯೆ, ಹುಟ್ಟಿದ ತಾರೀಖು, ಗಂಡು ಅಥವಾ ಹೆಣ್ಣೆಂಬ ಸಂಗತಿ, ಈ ಮೂರರಿಂದಲೇ ಅಮೆರಿಕದ ಜನರಲ್ಲಿ ನೂರಕ್ಕೆ ಸುಮಾರು ೮೭ ಮಂದಿಯನ್ನು ಬೇರ್ಪಡಿಸಿ ಗುರುತಿಸಬಹುದೆಂದು ಲತಾನ್ಯಾ ಸ್ವೀನಿ ಎಂಬ ವಿದುಷಿಯು ೨೦೦೦ದಲ್ಲಿ ಅಂದಾಜುಮಾಡಿದಳು. ಓಟ, ನಡಿಗೆ ಮೊದಲಾದ ವ್ಯಾಯಾಮಗಳ ಲೆಕ್ಕವಿಡುವ ಸ್ಟ್ರಾವಾ ಎಂಬ ಸಂಸ್ಥೆಯು ತನ್ನ ಬಳಕೆದಾರರ ಓಡಾಟಗಳನ್ನೆಲ್ಲ ಕೂಡಿಸಿ ೨೦೧೭ರಲ್ಲಿ ಭೂಪಟವೊಂದನ್ನು ಪ್ರಕಟಿಸಿತು. ಮರುವರ್ಷದ ಜನವರಿಯಲ್ಲಿ ನೋಡಿದವರಿಗೆ ಅದರಲ್ಲಿ ದೂರದೇಶಗಳ ಸೈನಿಕ ಶಿಬಿರಗಳ ಆಕಾರವೇ ಕಾಣಿಸಿತು. ಬೆಳಗಿನ ಹೊತ್ತು ಓಡಿದ ಸಿಪಾಯಿಗಳಲ್ಲಿ ಯಾರೂ ರಹಸ್ಯವನ್ನು ಮಾರಿದವರಲ್ಲ. ಅವರು ಕೇವಲ ಓಡಿದರು.

ಹೇಳಿದುದರಿಂದ ಹೇಳದೆ ಇದ್ದುದನ್ನು ಊಹಿಸುವ ವಿದ್ಯೆಯೂ ಬೆಳೆದಿದೆ. ೨೦೧೩ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು ತಮ್ಮ ಸಹಕಾರಿಗಳೊಡನೆ ೫೮,೦೦೦ ಮಂದಿ ಸ್ವಯಂಸೇವಕರ ವಿಷಯದಲ್ಲಿ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಫೇಸ್‌ಬುಕ್ಕಿನಲ್ಲಿ ಒಬ್ಬನು ಯಾವಯಾವುದಕ್ಕೆ ಮೆಚ್ಚುಗೆಯ ಗುರುತನ್ನು ಒತ್ತಿದನೆಂಬುದರಿಂದಲೇ ಅವನ ಮತ, ರಾಜಕೀಯ ಅಭಿಪ್ರಾಯ, ಸ್ವಭಾವ ಮೊದಲಾದುವನ್ನು ಬಹುಮಟ್ಟಿಗೆ ಊಹಿಸಬಹುದೆಂದು ಅದರಿಂದ ತಿಳಿದುಬಂದಿತು. ಆದುದರಿಂದ “ಮುಖ್ಯವಾದುದನ್ನೇನೂ ತಿಳಿಸಿಲ್ಲ” ಎಂಬ ನೆಮ್ಮದಿಗೆ ಆಧಾರವು ಸಾಲದು.

ಎರಡನೆಯ ಸಮಾಧಾನವು ಮೊದಲನೆಯದಕ್ಕಿಂತ ಗಂಭೀರವಾದುದು: “ತನ್ನ ವಿಷಯವನ್ನು ತಾನು ಹೇಳಿಕೊಂಡರೆ ಪರರಿಗೇನು? ನಷ್ಟವಾದರೆ ತನಗೇ ಅಲ್ಲವೆ?” ಸ್ವಾತಂತ್ರ್ಯದ ಹೆಸರಿನಲ್ಲಿ ಬರುವ ಈ ವಾದಕ್ಕೆ ೨೦೧೮ರ ಒಂದು ಪ್ರಕರಣವೇ ಉತ್ತರವನ್ನು ಕೊಡುವುದು. ವ್ಯಕ್ತಿಯ ಸ್ವಭಾವವನ್ನು ಪರೀಕ್ಷಿಸುವ ಪ್ರಶ್ನಾವಳಿಯೊಂದನ್ನು ಫೇಸ್‌ಬುಕ್ಕಿನಲ್ಲಿ ಸುಮಾರು ೨,೭೦,೦೦೦ ಮಂದಿ ಬಳಸಿದ್ದರು. ಅವರ ಸ್ನೇಹಿತರ ಸಂಗತಿಗಳೂ ಅದರ ಮೂಲಕ ಸಂಗ್ರಹವಾಗಿ, ಚುನಾವಣೆಗಳಲ್ಲಿ ಮತದಾರರನ್ನು ಒಲಿಸಿಕೊಡುವ ವ್ಯವಹಾರದ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈಸೇರಿದುವು. ಒಟ್ಟು ೮ ಕೋಟಿ ೭೦ ಲಕ್ಷ ಮಂದಿಯವರೆಗೆ ಇದರ ಸೋಂಕು ತಗಲಿರಬಹುದೆಂದು ಫೇಸ್‌ಬುಕ್ ಸಂಸ್ಥೆಯೇ ತಿಳಿಸಿತು. ಭಾರತದಲ್ಲಿ ಆ ಪ್ರಶ್ನಾವಳಿಯನ್ನು ಬಳಸಿದವರು ಕೇವಲ ೩೩೫ ಮಂದಿ. ಬಾಧಿತರಾಗಿರಬಹುದಾದವರು ಸುಮಾರು ೫,೬೨,೦೦೦ ಮಂದಿ. ೨೦೧೯ರಲ್ಲಿ ಅಮೆರಿಕದ ಸರಕಾರವು ಫೇಸ್‌ಬುಕ್ಕಿಗೆ ೫೦೦ ಕೋಟಿ ಡಾಲರುಗಳ ದಂಡವನ್ನು ವಿಧಿಸಿತು. ಆದರೆ ದಂಡದಿಂದ ಹೊರಬಿದ್ದುದು ಒಳಕ್ಕೆ ಬರಲಿಲ್ಲ. ಒಪ್ಪಿಗೆಕೊಟ್ಟವರು ಮುನ್ನೂರು ಚಿಲ್ಲರೆ, ಒಪ್ಪಿಗೆಯನ್ನೇ ಕೇಳಲ್ಪಡದವರು ಲಕ್ಷಾಂತರ. ಹೀಗಿರಲು ಯಾವ ಮನುಷ್ಯನ ವಿಷಯವಾದರೂ ಅವನೊಬ್ಬನದೇ ಎಂದು ಹೇಳುವುದು ಹೇಗೆ?

ನಿಜವಾಗಿ ನೋಡಿದರೆ ಒಬ್ಬನ ಬಾಳಿನ ಕಥೆಯಲ್ಲಿ ಹಲವರ ಪಾಲುಂಟು. ತಂದೆಯ ಕಾಯಿಲೆಯನ್ನು ಮಗನು ಪ್ರಕಟಿಸಿದರೆ ಅದು ತಂದೆಯ ಔಷಧ. ಮದುವೆಯ ಗುಂಪಿನ ಚಿತ್ರದಲ್ಲಿ ನಿಂತ ಬಂಧುವಿಗೆ ತಾನು ಅಲ್ಲಿದ್ದುದು ಎಲ್ಲರಿಗೂ ತಿಳಿಯಬಾರದೆಂಬ ಕಾರಣವಿರಬಹುದು. ಇವರೆಲ್ಲರಿಗಿಂತ ನಿರುಪಾಯರಾದವರು ಮಕ್ಕಳು. ಸ್ನಾನದ ಚಿತ್ರ, ಅತ್ತುದು, ಪರೀಕ್ಷೆಯಲ್ಲಿ ಸೋತುದು, ಇವು ಮಗುವಿಗೆ ಮಾತು ಬರುವುದಕ್ಕೆ ಮುಂಚೆಯೇ, ಅಥವಾ ಅದರ ಮಾತಿಗೆ ಬೆಲೆಯಿಲ್ಲದ ವಯಸ್ಸಿನಲ್ಲಿ, ಲೋಕದ ಪಾಲಾಗುವುವು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ೧೮ ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿ ಬೇಕೆಂದು ವಿಧಿಸಿರುವುದು. ಕಾನೂನು ಕಾವಲಿಗೆ ನಿಲ್ಲಿಸಿದುದು ತಂದೆತಾಯಿಗಳನ್ನು. ಕಾವಲುಗಾರನೇ ಬಾಗಿಲನ್ನು ತೆರೆದಿಟ್ಟರೆ ಮಗುವು ಯಾರಲ್ಲಿ ಮೊರೆಯಿಡಬೇಕು?

ಕಾನೂನಿನ ಸಹಾಯವು ಅಲ್ಪವೆಂದಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ವ್ಯಾಜ್ಯದಲ್ಲಿಯೇ ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಾಭಿಪ್ರಾಯದಿಂದ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸಾರಿದರು. ಆದರೆ ಹಕ್ಕು ರಕ್ಷಿಸುವುದು ಪರರು ಕಸಿದುಕೊಳ್ಳುವುದನ್ನು. ೨೦೨೩ರ ಕಾನೂನಿನಲ್ಲಿಯೂ, ಒಬ್ಬನು ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ತನ್ನ ಸಂಗತಿಗಳಿಗೆ ಅದರ ರಕ್ಷಣೆಯು ಅನ್ವಯಿಸುವುದಿಲ್ಲ. ಕಾನೂನಿನ ಸೀಮೆ ಮುಗಿಯುವಲ್ಲಿ ವಿವೇಕದ ಸೀಮೆ ಮೊದಲಾಗುವುದು.

ಹಾಗಾದರೆ ಎಲ್ಲವನ್ನೂ ಮುಚ್ಚಿಡುವುದೇ ಧರ್ಮವೆ? ಅಲ್ಲ. “ಮನೆಯ ಹುಳುಕು” ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಬಾಯಿಗೆ ಬಿರಡೆಯಾಗಿ ಬಳಸಿರುವರೆಂಬುದನ್ನು ಮರೆಯಲಾಗದು. ಪೆಟ್ಟುತಿಂದವಳು “ಮನೆಯ ಮಾನ”ಕ್ಕಾಗಿ ಸುಮ್ಮನಿರಬೇಕೆಂದರೆ ಅಲ್ಲಿ ಗೋಪ್ಯವು ಹೊಡೆಯುವವನ ಕೋಟೆಯಾಗುವುದು. ಅವಳು ತನ್ನ ದುಃಖವನ್ನು ಹೊರಗೆ ಹೇಳಿದುದರಿಂದ ಅವನಿಗೆ ಬಂದ ಅಪಕೀರ್ತಿಯು ಮಾತಿನ ಫಲವಲ್ಲ, ಕೃತ್ಯದ ಫಲ. ಇದರಿಂದ ಒಂದು ಸೂತ್ರವು ಹೊರಡುವುದು: ಯಾವ ಸಂಗತಿಯಿಂದ ನೋವನ್ನು ಉಣ್ಣುವವರು ಯಾರೋ, ಅದನ್ನು ಮುಚ್ಚುವ ತೆರೆಯುವ ಅಧಿಕಾರವೂ ಅವರದೇ. ಪೀಡಿತಳಿಗೆ ಮಾತನಾಡುವ ಹಕ್ಕನ್ನು ಕೊಡುವ ಸೂತ್ರವೇ ಮಗುವಿನ ಚಿತ್ರವನ್ನು ಪ್ರಕಟಿಸುವ ತಂದೆಯ ಕೈಯನ್ನು ತಡೆಯುವುದು.

ಜಾಲತಾಣಗಳಿಂದ ಉಪಕಾರವೂ ಉಂಟು. ಪರದೇಶದಲ್ಲಿರುವ ಮಗನಿಗೆ ಊರಿನ ಅಜ್ಜಿಯ ಮುಖವು ಕಾಣುವುದು. ತುರ್ತಿನಲ್ಲಿ ರೋಗಿಗೆ ರಕ್ತದಾನಿಗಳು ದೊರೆಯುವರು. ಆದುದರಿಂದ ತ್ಯಜಿಸತಕ್ಕದ್ದು ಸಾಧನವಲ್ಲ, ಅನೌಚಿತ್ಯ. ಪ್ರಕಟಿಸುವುದಕ್ಕೆ ಮುಂಚೆ ಗೃಹಸ್ಥನು ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಸಾಕು. ಇದು ಯಾರ ಸಂಗತಿ? ಇದನ್ನು ಅರಿಯಬೇಕಾದವರು ಯಾರು? ನಾಳೆ ಹಿಂದಕ್ಕೆ ಪಡೆಯಬೇಕೆನಿಸಿದರೆ ಪಡೆಯಲಾದೀತೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ಹುಟ್ಟಿದಾಗ ಆಡಿದ ಮಾತಿಗೆ ಜನರ ಮರೆವಾದರೂ ಮದ್ದಾಗಿದ್ದಿತು. ಜಾಲತಾಣದಲ್ಲಿ ಅಳಿಸಿದ ಚಿತ್ರವು ಅಷ್ಟರೊಳಗೆ ಯಾರೋ ಇಳಿಸಿಕೊಂಡ ಪ್ರತಿಯಾಗಿ ಉಳಿಯಬಹುದು. ಮರೆಯುವುದು ಯಂತ್ರದ ಸ್ವಭಾವವಲ್ಲ.

ಅಪಾಯದ ಲೆಕ್ಕವನ್ನು ಬದಿಗಿಟ್ಟರೂ ಮತ್ತೊಂದು ನಷ್ಟವು ಉಳಿಯುವುದು. ಸ್ನೇಹವೆಂಬುದು ಒಬ್ಬರು ಇನ್ನೊಬ್ಬರಿಗೆ, ಉಳಿದವರಿಗೆ ಹೇಳದುದನ್ನು ಹೇಳುವುದರಿಂದ ಬೆಳೆಯುವುದು. ಗೆಳತಿಗೆಂದು ತೆಗೆದಿಟ್ಟ ಸುದ್ದಿ, ಅಕ್ಕನಿಗೆ ಮಾತ್ರ ತೋರಿದ ಕಣ್ಣೀರು, ಮಗನು ತಂದೆಯ ಪಕ್ಕದಲ್ಲಿ ಕುಳಿತು ಒಪ್ಪಿಸಿದ ಸೋಲು, ಇವೇ ಮನೆಗೆ ಆಧಾರವಾದ ನಂಬಿಕೆಯನ್ನು ಕಟ್ಟುವುವು. ಎಲ್ಲರಿಗೂ ಎಲ್ಲವನ್ನೂ ಹಂಚಿಬಿಟ್ಟವನ ಮನೆಗೆ ಆಪ್ತನು ಬಂದಾಗ, ಅವನಿಗೆಂದೇ ಕೊಡತಕ್ಕದ್ದು ಏನೂ ಉಳಿದಿರುವುದಿಲ್ಲ.