ಹೊತ್ತು ಹೊತ್ತವರು

ಆಷಾಢದ ಒಂದು ರಾತ್ರಿ, ಎಂಟು ದಾಟಿತ್ತು. ಕರೆಂಟು ಹೋಗಿ ಗಂಟೆಯಾಗಿತ್ತು. ಕುಮಟೆಯಿಂದ ಒಳಗಿರುವ ನಮ್ಮ ಕೇರಿಗೆ ಬೈಕು ಬರುವುದು ಕಾಲುಸಂಕದವರೆಗೆ ಮಾತ್ರ, ಅಲ್ಲಿಂದ ತೋಟದ ನಡುವೆ ನಡೆದೇ ಬರಬೇಕು. ದಣಪೆಯ ಹತ್ತಿರ ಮೊಬೈಲಿನ ಬೆಳಕು ಕಂಡಿತು. ಪಾರ್ಸೆಲ್ ಹುಡುಗ. ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ರೇನ್‌ಕೋಟು ಅವನ ಮೈಮೇಲಿರಲಿಲ್ಲ, ಪೆಟ್ಟಿಗೆಗಳ ಚೀಲಕ್ಕೆ ಹೊದೆಸಿ ಬೈಕಿನ ಮೇಲೇ ಬಿಟ್ಟು ಬಂದಿದ್ದ. ನಮ್ಮ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದ. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಒಟಿಪಿ ಹೇಳಿ ಅಂದ. ನೆಟ್‌ವರ್ಕ್ ಇರಲಿಲ್ಲ. ನಾನು ಫೋನು ಹಿಡಿದು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಓಡಾಡಿದೆ. ಅವನು ಜಗಲಿಯ ಅಂಚಿನಲ್ಲಿ, ನೆಲ ಒದ್ದೆಯಾಗದ ಹಾಗೆ ಮೆಟ್ಟಿಲಿನ ಮೇಲೆಯೇ ನಿಂತ. ಆಸ್ರಿಗೆ ಏನಾದರೂ ಬೇಕಾ ಎಂದು ಕೇಳಿದೆ. ಬೇಡ, ಇನ್ನೂ ಹನ್ನೊಂದು ಮನೆ ಅದೆ ಅಂದ. ಬೆಳಿಗ್ಗೆ ಎಷ್ಟೊತ್ತಿಗೆ ಬಂದವನು ಎಂದರೆ ಆರೂವರೆಗೆ ಅಂದ. ಒಟಿಪಿ ಬರುವಷ್ಟರಲ್ಲಿ ಏಳು ನಿಮಿಷ ಕಳೆದಿತ್ತು.

ಆ ಏಳು ನಿಮಿಷ ಯಾರದ್ದು? ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದೇ. ಅವನಿಗೆ ಸಿಗುವುದು ಪೆಟ್ಟಿಗೆಗೆ ಇಷ್ಟು ಎಂಬ ಲೆಕ್ಕದ ದುಡ್ಡು. ಪೆಟ್ಟಿಗೆ ನನ್ನ ಕೈಗೆ ಬಂದು, ಫೋನಿನಲ್ಲಿ ಹಸಿರು ಗುರುತು ಬಿದ್ದರೆ ಮಾತ್ರ ಅದು ಕೆಲಸ. ಹಾಗಿದ್ದರೆ ನಮ್ಮ ಮೆಟ್ಟಿಲ ಮೇಲೆ ನಡುಗುತ್ತಾ ನಿಂತದ್ದು ಏನು? ವಿಶ್ರಾಂತಿ ಅದಲ್ಲ, ಕೂತುಕೊಳ್ಳುವುದಕ್ಕೂ ಅವನಿಗೆ ಮನಸ್ಸಿರಲಿಲ್ಲ. ಅವನ ಸ್ವಂತ ಹೊತ್ತೂ ಅಲ್ಲ, ಬಿಟ್ಟು ಹೋಗುವ ಹಾಗಿರಲಿಲ್ಲವಲ್ಲ. ಕಂಪನಿಯ ಲೆಕ್ಕದಲ್ಲಂತೂ ಆ ಏಳು ನಿಮಿಷ ಇಲ್ಲವೇ ಇಲ್ಲ.

ಇಂಥ ಲೆಕ್ಕಕ್ಕಿಲ್ಲದ ಹೊತ್ತು ಅವನ ದಿನದಲ್ಲಿ ಎಷ್ಟಿರುತ್ತದೆ ನೋಡಿ. ನಮ್ಮ ಕರಾವಳಿಗೆ ಸಾಮಾನು ಬರುವುದು ರಾತ್ರಿ ಲಾರಿಯಲ್ಲಿ. ಹುಬ್ಬಳ್ಳಿಯಿಂದಾದರೆ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲೆ, ಬೆಂಗಳೂರಿನಿಂದಾದರೆ ಸಾಗರ ದಾಟಿ ಗೇರುಸೊಪ್ಪೆ ಘಟ್ಟದ ಮೇಲೆ ಹೊನ್ನಾವರಕ್ಕೆ, ಮಂಗಳೂರಿನಿಂದಾದರೆ ಹೆದ್ದಾರಿ 66 ಹಿಡಿದು ಭಟ್ಕಳದ ಮೇಲೆ. ಘಟ್ಟದಲ್ಲಿ ಮರ ಬಿದ್ದರೆ, ಮಣ್ಣು ಜರಿದರೆ ಲಾರಿ ತಡ. ಹುಡುಗರು ಪಾರ್ಸೆಲ್ ಕೇಂದ್ರದ, ಅಂದರೆ ಹಬ್ಬಿನ, ತಗಡಿನ ಶೆಡ್ಡಿನಲ್ಲಿ ಲೋಡ್ ಬರುವುದನ್ನೇ ಕಾಯುತ್ತಾರೆ. ಬಂದ ಮೇಲೆ ಇಳಿಸಬೇಕು, ಸ್ಕ್ಯಾನ್ ಮಾಡಬೇಕು, ರೂಟ್ ಪ್ರಕಾರ ವಿಂಗಡಿಸಿ ಚೀಲಕ್ಕೆ ತುಂಬಬೇಕು. ಬೈಕು ಹೊರಡುವ ಹೊತ್ತಿಗೆ ಬಿಸಿಲೇರಿರುತ್ತದೆ. ಪೆಟ್ಟಿಗೆಯ ದುಡ್ಡು ಶುರುವಾಗುವುದು ಅಲ್ಲಿಂದ ಮೇಲೆ. ಸಂಜೆ ಹಬ್ಬಿಗೆ ಮರಳಿ ಕ್ಯಾಶ್ ಎಣಿಸಿ ಒಪ್ಪಿಸುವುದು, ಯಾರೂ ತೆಗೆದುಕೊಳ್ಳದ ಪೆಟ್ಟಿಗೆಗಳನ್ನು ರಿಟರ್ನ್ ಬರೆಸುವುದು, ನೂರು ರೂಪಾಯಿ ಕಡಿಮೆ ಬಂದರೆ ಮತ್ತೆ ಎಣಿಸುವುದು, ಇವಕ್ಕೂ ಬೇರೆ ದುಡ್ಡಿಲ್ಲ.

ಊರಿನ ರೂಪವೂ ಈ ಲೆಕ್ಕದೊಳಗೆ ಬರುವುದಿಲ್ಲ. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರು, ಅಲ್ಲಿಂದ ಕುಮಟೆಗೆ ಇನ್ನೊಂದು 20. ಹೆದ್ದಾರಿಯಲ್ಲಿ ಇದು ದೊಡ್ಡ ದೂರವಲ್ಲ. ಆದರೆ ಮನೆಗಳು ಹೆದ್ದಾರಿಯಲ್ಲಿಲ್ಲ. ಶರಾವತಿಯ ದಂಡೆಯುದ್ದಕ್ಕೂ ಗೇರುಸೊಪ್ಪೆಯವರೆಗೆ, ಅಘನಾಶಿನಿಯ ಗಜನಿ ಗದ್ದೆಗಳ ಆಚೆ, ಗುಡ್ಡದ ಬೇಣ ದಾಟಿ ಅಡಿಕೆ ತೋಟದ ಬುಡದಲ್ಲಿ ಒಂದೊಂದೇ ಮನೆ. ವಿಳಾಸವೆಂದರೆ ದೇವಸ್ಥಾನದ ಹಿಂದೆ, ಹಲಸಿನ ಮರದ ಹತ್ತಿರ. ಭಟ್ಕಳ ಪೇಟೆಯ ಗಲ್ಲಿಯಲ್ಲಿ ಗಂಟೆಗೆ ಎಷ್ಟೋ ಪೆಟ್ಟಿಗೆ ಕೊಟ್ಟು ಬರಬಹುದು. ಮಂಕಿಯ ಒಳಗೋ ಹೆಗಡೆಯ ಆಚೆಗೋ ಅಷ್ಟೇ ಪೆಟ್ಟಿಗೆಗೆ ಅರ್ಧ ದಿನ ಬೇಕು. ಪೆಟ್ಟಿಗೆಗೆ ಒಂದೇ ದರ ಎಂದಾಗ ಹೊಳೆ, ಗುಡ್ಡ, ಕೆಸರು, ನಾಯಿ, ಮನೆಯಲ್ಲಿಲ್ಲದ ಗಿರಾಕಿ ಎಲ್ಲದರ ಖರ್ಚು ಹುಡುಗನ ಮೈಮೇಲೆ ಬೀಳುತ್ತದೆ. ದಿನ ಉದ್ದವಾಗುವುದು ಅವನು ನಿಧಾನಿ ಎಂದಲ್ಲ. ಊರಿನ ಉದ್ದವನ್ನೆಲ್ಲ ಅವನ ದಿನಕ್ಕೆ ಜೋಡಿಸಿದ್ದಾರೆ.

ಕನ್ನಡದಲ್ಲಿ ಕಾಲಕ್ಕೂ ಹೊತ್ತು, ಹೊರೆ ಹೊತ್ತದ್ದಕ್ಕೂ ಹೊತ್ತು. ಹಳಗನ್ನಡದಲ್ಲಿ ಇವು ಬೇರೆ ಬೇರೆ ಮಾತುಗಳು, ಒಂದು ಪೊೞ್ತು, ಇನ್ನೊಂದು ಪೊಱು ಧಾತುವಿನಿಂದ ಬಂದ ಪೊತ್ತು. ಬಾಯಿಂದ ಬಾಯಿಗೆ ಸವೆದು ಒಂದೇ ರೂಪಕ್ಕೆ ಬಂದವು. ಕಾಕತಾಳೀಯವೇ ಇರಲಿ, ಈ ಹುಡುಗರ ಮಟ್ಟಿಗೆ ಎರಡೂ ನಿಜವಾಗಿ ಒಂದೇ ಆಗಿವೆ. ಅವರು ಹೊತ್ತು ತಿರುಗುವುದು ನಮ್ಮ ಪೆಟ್ಟಿಗೆಯನ್ನಷ್ಟೇ ಅಲ್ಲ, ನಮ್ಮ ಹೊತ್ತನ್ನು. ನಾನು ಪೇಟೆಗೆ ಹೋಗಿ ಬರಲು ಕಳೆಯಬೇಕಿದ್ದ ಅರ್ಧ ದಿನವನ್ನು ಅವನು ಕಳೆದಿದ್ದಾನೆ.

ಕಾಯುವುದು ಕೆಲಸವೇ ಅಲ್ಲವೇ ಎಂಬುದಕ್ಕೆ ನಮ್ಮ ಊರಿನಲ್ಲೇ ಒಂದು ಉತ್ತರವಿದೆ. ಹೊನ್ನಾವರ ಸೀಮೆ ಯಕ್ಷಗಾನದ ಸೀಮೆ. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳ ಹುಟ್ಟಿದ್ದು 1934ರಲ್ಲಿ. ರಾತ್ರಿಯಿಡೀ ಆಟವಾಡುವ ಮೇಳದಲ್ಲಿ ಬೆಳಗಿನ ಜಾವ ರಂಗಕ್ಕೆ ಬರುವ ವೇಷಧಾರಿ ಎಷ್ಟೋ ಹೊತ್ತು ಮುಂಚೆಯೇ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಕೂತಿರುತ್ತಾನೆ. ರಂಗದ ಮೇಲೆ ಅವನು ಇರುವುದು ಒಂದು ತಾಸೋ ಅದಕ್ಕೂ ಕಡಿಮೆಯೋ. ಕುಣಿದ ನಿಮಿಷ ಎಣಿಸಿ ಸಂಭಾವನೆ ಕೊಡುತ್ತೇವೆ ಎಂದು ಯಾರೂ ಹೇಳಿದ್ದಿಲ್ಲ. ರಾತ್ರಿಗೆ ಇಷ್ಟು, ತಿರುಗಾಟಕ್ಕೆ ಇಷ್ಟು. ಚೌಕಿಯಲ್ಲಿ ಕೂತದ್ದೂ ಆಟದ ಭಾಗ ಎಂದು ಊರು ಒಪ್ಪಿಕೊಂಡಿದೆ. ಏಕೆಂದರೆ ಗೆಜ್ಜೆ ಕಟ್ಟಿದವನು ಬೇರೆಲ್ಲೂ ಹೋಗುವಂತಿಲ್ಲ, ಅವನ ರಾತ್ರಿ ಈಗ ಮೇಳದ್ದು. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿ 19ರಂದು ಊಬರ್ ಚಾಲಕರ ಮೊಕದ್ದಮೆಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆ್ಯಪ್ ತೆರೆದು, ತನ್ನ ವಲಯದಲ್ಲಿದ್ದು, ಬಾಡಿಗೆಗೆ ಸಿದ್ಧನಾಗಿರುವ ಹೊತ್ತೆಲ್ಲ ಕೆಲಸದ ಹೊತ್ತೇ ಎಂದು. ಇನ್ನೊಬ್ಬರ ಕರೆಗೆ ಕಟ್ಟುಬಿದ್ದು ಕಾಯುವ ಹೊತ್ತು ಆ ಇನ್ನೊಬ್ಬರದ್ದು. ಅದಕ್ಕೆ ಬೆಲೆ ಕೊಡಬೇಕಾದವರು ಅವರೇ.

ಇಲ್ಲಿ ಒಂದು ಮಾತು ಬರುತ್ತದೆ, ನಮ್ಮ ಮನೆಯ ಜಗಲಿಯ ಮೇಲೂ ಬಂದಿದೆ. ಯಾರು ಒತ್ತಾಯ ಮಾಡಿದ್ದಾರೆ? ಅವನೇ ಒಪ್ಪಿಕೊಂಡ ಕೆಲಸ, ಬೇಡವಾದರೆ ಬಿಡಬಹುದು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಭಟ್ಕಳದ ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸು ಇರುವುದು ಕೊಲ್ಲಿ ದೇಶದಲ್ಲಿ, ಮಕ್ಕಳು ಅಪ್ಪನನ್ನು ನೋಡುವುದು ಫೋನಿನ ಪರದೆಯಲ್ಲಿ. ಹೊನ್ನಾವರ, ಕುಮಟೆಯ ಹುಡುಗರು ಗೋವೆಗೋ ಬೆಂಗಳೂರಿಗೋ ಹೋಗುತ್ತಾರೆ. ಅಂಥದ್ದರಲ್ಲಿ ಊರಿನಲ್ಲೇ ಇದ್ದು, ಅಮ್ಮ ಮಾಡಿದ ಅನ್ನ ಉಂಡು ಮಾಡಬಹುದಾದ ಕೆಲಸ ಇದು. ಅದರ ಬೆಲೆ ದೊಡ್ಡದು, ಹುಡುಗರಿಗೂ ಅದು ಗೊತ್ತು. ಆದರೆ ಊರಿನಲ್ಲಿ ಇರುವುದೆಂದರೆ ಊರಿನಲ್ಲಿ ಮಲಗುವುದು ಮಾತ್ರವೇ? ಆರೂವರೆಗೆ ಹೋಗಿ ಒಂಬತ್ತಕ್ಕೆ ಬಂದರೆ ದಿನಕ್ಕೆ ಹದಿನಾಲ್ಕೂವರೆ ಗಂಟೆ, ವಾರಕ್ಕೆ ಆರು ದಿನವಾದರೆ 87. 2023ರಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ವಾದಕ್ಕೆ ಇಳಿಯಿತು. ಆ ಮಾತು ಹುಟ್ಟುವ ಮುಂಚೆಯೇ ಅದನ್ನು ಮೀರಿದವರ ಹೆಸರು ಆ ವಾದದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಬೇಡವಾದರೆ ಬಿಡಬಹುದು ಎನ್ನುವ ಸ್ವಾತಂತ್ರ್ಯ ಇರುವುದು ನಿಜ. ಅದು ಕೆಲಸವನ್ನೇ ಬಿಡುವ ಸ್ವಾತಂತ್ರ್ಯ. ಸಂಜೆ ಆರಕ್ಕೆ ಬೈಕು ನಿಲ್ಲಿಸಿ ಇವತ್ತಿಗೆ ಸಾಕು ಎನ್ನುವ ಸ್ವಾತಂತ್ರ್ಯ ಅವನಿಗಿಲ್ಲ. ಉಳಿದ ಪೆಟ್ಟಿಗೆಗಳು ಪೆಂಡಿಂಗ್ ಆಗಿ ನಾಳೆಯ ಮೇಲೆ ಬೀಳುತ್ತವೆ, ಮತ್ತೂ ನಿಲ್ಲಿಸಿದರೆ ರೂಟು ಇನ್ನೊಬ್ಬನಿಗೆ ಹೋಗುತ್ತದೆ.

ಇನ್ನೊಂದು ಮಾತು ಹಿರಿಯರದ್ದು. ನಾವೂ ಬೆಳಗಿನಿಂದ ಕತ್ತಲವರೆಗೆ ದುಡಿದವರೇ, ಗಂಟೆ ನೋಡಿದ್ದುಂಟಾ ಎಂದು. ನೋಡಿಲ್ಲ, ನಿಜ. ಆದರೆ ಗದ್ದೆಯಲ್ಲಿ ಸೂರ್ಯ ಮುಳುಗಿದರೆ ನಾಟಿ ನಿಲ್ಲುತ್ತಿತ್ತು, ಗಜನಿಯಲ್ಲಿ ಉಬ್ಬರ ಏರಿದರೆ ಎದ್ದು ಬರಬೇಕಿತ್ತು. ಸಮುದ್ರದ ಕೆಲಸ ನೋಡಿ. ಭಟ್ಕಳ, ಹೊನ್ನಾವರ, ತದಡಿ ಬಂದರುಗಳ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಹಾಕುವ ಕಾಲ. ನನಗೆ ಮುಖ್ಯವಾಗಿ ಕಾಣುವುದು ಆ ನಿಯಮದ ರೀತಿ. ಯಾವ ದೋಣಿಯ ಯಜಮಾನನಿಗೂ ಮೀನಿನ ಸಂತತಿ ಉಳಿಯಬೇಕೆಂದು ಗೊತ್ತಿದೆ. ಆದರೆ ತಾನೊಬ್ಬನೇ ಬಲೆ ಮಡಚಿಟ್ಟರೆ ಪಕ್ಕದವನು ಬಾಚಿಕೊಂಡು ಹೋಗುತ್ತಾನೆ. ಆದ್ದರಿಂದ ಎಲ್ಲರೂ ಒಂದೇ ದಿನ ನಿಲ್ಲಿಸಬೇಕು, ನಿಲ್ಲಿಸಿ ಎಂದು ಹೇಳಲು ಹೊರಗಿನವರೊಬ್ಬರು ಇರಬೇಕು. ಬಿಡುವಿನ ಗುಣವೇ ಅಂಥದ್ದು. ಪೈಪೋಟಿಯ ಕೆಲಸದಲ್ಲಿ ಅದನ್ನು ಒಬ್ಬ ತಾನಾಗಿ ತೆಗೆದುಕೊಳ್ಳಲಾರ. ಮೀನಿಗಾಗಿ ನಾವು ಇದನ್ನು ಅರ್ಥ ಮಾಡಿಕೊಂಡಿದ್ದೇವೆ, ಮನುಷ್ಯನಿಗಾಗಿ ಇನ್ನೂ ಮಾಡಿಕೊಂಡಿಲ್ಲ.

ನಮ್ಮ ನಾಡಿನ ಹಳೆಯ ದಾರಿಗಳಲ್ಲಿ ಹೊರೆಗಲ್ಲು ಇರುತ್ತಿತ್ತು. ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಹಾಸಿದ್ದು. ತಲೆಹೊರೆ ಹೊತ್ತವನ ಕಷ್ಟ ಗೊತ್ತಿದ್ದವರು ಮಾಡಿದ ಕೆಲಸ ಅದು. ಹೊರೆಯನ್ನು ನೆಲಕ್ಕೆ ಇಳಿಸಿದರೆ ಒಬ್ಬನೇ ಮತ್ತೆ ತಲೆಗೆ ಏರಿಸಿಕೊಳ್ಳಲಾರ, ಹೊರೆಸಲು ಇನ್ನೊಬ್ಬರು ಬೇಕು. ಹಾಗಾಗಿ ಎಷ್ಟು ದಣಿದರೂ ಇಳಿಸುವುದೇ ಇಲ್ಲ. ಕಲ್ಲು ಹೊರೆಯ ಎತ್ತರಕ್ಕೇ ಇದ್ದರೆ ಜಾರಿಸಿ ಇಡಬಹುದು, ಬೆನ್ನು ಒಡ್ಡಿ ಮತ್ತೆ ಎತ್ತಿಕೊಳ್ಳಬಹುದು. ದಣಿವಾದರೆ ನಿಲ್ಲು ಎಂಬ ಉಪದೇಶವನ್ನು ಆ ಊರಿನವರು ಮಾಡಲಿಲ್ಲ. ನಿಲ್ಲಲಿಕ್ಕೆ ಆಗುವಂಥ ಜಾಗ ಕಟ್ಟಿದರು. ನಾನು ಹುಡುಗನಿಗೆ ಆಸ್ರಿಗೆ ಬೇಕಾ ಎಂದು ಕೇಳಿದ್ದು ಉಪದೇಶದ ಜಾತಿಯದ್ದು. ಮನಸ್ಸಿನಿಂದ ಬಂದ ಮಾತೇ, ಆದರೆ ಹನ್ನೊಂದು ಮನೆ ಬಾಕಿ ಇರುವವನಿಗೆ ಆ ಲೋಟ ನೀರು ಹನ್ನೆರಡನೆಯ ತಡ.

ದುಡಿಮೆಯ ದೊಡ್ಡಸ್ತಿಕೆ ಹೇಳಬೇಕಾದಾಗ ನಾವು ಶರಣರ ಕಾಯಕವನ್ನು ಮುಂದಿಡುತ್ತೇವೆ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಪೂರ್ತಿ ನೆನೆಯಬೇಕು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಅವಳು. ಕಾಯಕಕ್ಕೆ ಸಾಕು ಎಂಬ ಅಳತೆಯಿತ್ತು, ಆ ಅಳತೆ ದುಡಿಯುವವರ ಕೈಯಲ್ಲಿತ್ತು. ಟಾರ್ಗೆಟ್ ಬೇರೆಯವರು ಹಾಕುವ ಕೆಲಸಕ್ಕೆ ಕಾಯಕದ ಹೆಸರು ಹಚ್ಚುವುದು ಲಕ್ಕಮ್ಮನಿಗೆ ಮಾಡುವ ಅನ್ಯಾಯ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. 2025ರಲ್ಲಿ ರಾಜ್ಯ ಗಿಗ್ ಕಾರ್ಮಿಕರಿಗಾಗಿಯೇ, ಅಂದರೆ ಆ್ಯಪಿನ ಮೂಲಕ ದುಡಿಯುವವರಿಗಾಗಿಯೇ, ಒಂದು ಕಾಯ್ದೆ ತಂದಿತು. ಕಲ್ಯಾಣ ಮಂಡಳಿ, ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿಯಿಂದ ಶೇ 1ರಿಂದ 5ರಷ್ಟು ಶುಲ್ಕ, ತೆಗೆದುಹಾಕುವ ಮುಂಚೆ 14 ದಿನದ ನೋಟಿಸು. ಇದು ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇನೆ. ಆದರೆ ಮಂಡಳಿ ನೆರವಿಗೆ ಬರುವುದು ಬಿದ್ದ ಮೇಲೆ. ಬೀಳದ ಹಾಗೆ ನೋಡಿಕೊಳ್ಳುವುದು ಗಂಟೆಯ ಮಿತಿ. ಇನ್ನು ಗುತ್ತಿಗೆದಾರನ ಕೈಕೆಳಗೆ ಸೇರಿದ ಹುಡುಗನಿಗೆ ತಾನು ಯಾವ ಕಾಯ್ದೆಯೊಳಗೆ ಬರುತ್ತೇನೆ ಎಂಬುದೇ ತಿಳಿದಿರುವುದಿಲ್ಲ.

ಬೀಳುವ ಮಾತು ಸುಮ್ಮನೆ ಆಡಿದ್ದಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಸತ್ತವರಲ್ಲಿ ರಸ್ತೆಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಕುಟುಂಬವಿತ್ತು, ಅಲ್ಲಿ ಗಾಡಿ ನಿಲ್ಲಿಸಿದ್ದ ಚಾಲಕರಿದ್ದರು. ದೂರದ ದಾರಿಯವರಿಗೆ ಆ ಚಹಾದಂಗಡಿಯೇ ಹೊರೆಗಲ್ಲಾಗಿತ್ತು. ರಸ್ತೆ ಅಗಲ ಮಾಡಲು ಗುಡ್ಡ ಕಡಿದೆವು, ರಸ್ತೆಯಲ್ಲಿ ದುಡಿಯುವವರು ನಿಲ್ಲುವ ಜಾಗದ ಬಗ್ಗೆ ಯೋಚಿಸಲಿಲ್ಲ. ಈಗಲೂ ಮಳೆಗಾಲದಲ್ಲಿ ಆ ಗುಡ್ಡಗಳ ಬುಡದಲ್ಲಿ ಹೋಗುವಾಗ ನಾನು ಬೈಕುಗಳ ಹಿಂದಿನ ದೊಡ್ಡ ಚೀಲಗಳನ್ನು ನೋಡುತ್ತೇನೆ.

ನನಗೆ ಬೇಕೆನಿಸುವುದು ದೊಡ್ಡದೇನಲ್ಲ. ಹಬ್ಬಿಗೆ ಕಾಲಿಟ್ಟ ಕ್ಷಣದಿಂದ ಗಂಟೆ ಎಣಿಸಲಿ, ಲಾರಿ ತಡವಾದರೆ ಆ ತಡ ಕಂಪನಿಯದ್ದಾಗಲಿ. ಒಳಗಿನ ಹಳ್ಳಿಯ ಪೆಟ್ಟಿಗೆಗೆ ಬೇರೆ ದರ ಇರಲಿ. ಸಂಜೆ ಇಂತಿಷ್ಟು ಹೊತ್ತಾದ ಮೇಲೆ ಯಾವ ಕಂಪನಿಯ ಫೋನಿನಲ್ಲೂ ಹೊಸ ಮನೆ ತೋರಿಸದಿರಲಿ. ಜೂನ್ ಒಂದರಂದು ದೋಣಿಗಳೆಲ್ಲ ಒಟ್ಟಿಗೆ ದಡ ಸೇರುವ ಹಾಗೆ, ಎಲ್ಲ ಕಂಪನಿಗಳಿಗೂ ಒಂದೇ ಸಲ. ಒಂದು ಕಂಪನಿ ಮಾಡಿದರೆ ಇನ್ನೊಂದು ಅದರ ಗಿರಾಕಿಯನ್ನು ಎಳೆದುಕೊಳ್ಳುತ್ತದೆ, ಎಲ್ಲರೂ ಮಾಡಿದರೆ ಯಾರಿಗೂ ನಷ್ಟವಿಲ್ಲ. ಆಗ ನಮ್ಮ ಪೆಟ್ಟಿಗೆಗಳು ಒಂದು ದಿನ ತಡವಾಗಿ ಬರುತ್ತವೆ.

ಅಂದು ರಾತ್ರಿ ಬಂದ ಪೆಟ್ಟಿಗೆಯಲ್ಲಿ ಇದ್ದದ್ದು ಕುಕ್ಕರಿನ ಒಂದು ರಬ್ಬರು. ಹಳೆಯದು ಇನ್ನೂ ನಡೆಯುತ್ತಿತ್ತು. ಪೆಟ್ಟಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೆಯೇ ಇತ್ತು, ಬಿಚ್ಚಿದ್ದು ನಾಲ್ಕನೆಯ ದಿನ.