ಮೋಹನಿದ್ರೆಯಿಂದ ದುಶ್ಚಟವು ಬಿಡುವದೋ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಸಭೆಗೆ ಸೇರಿದ ಒಬ್ಬ ಗಾರೆಕೆಲಸದ ಯೌವನಸ್ಥನು ನನ್ನ ಮನೆಯ ಜಗಲಿಯ ಮೇಲೆ ಬಂದು ಕೂತನು. ಅವನು ಕುಡಿತಕ್ಕೆ ಒಳಗಾಗಿ ಆರು ವರುಷಗಳಾಗಿದ್ದವು. ಶನಿವಾರದ ಕೂಲಿಯು ಮನೆಯನ್ನು ಮುಟ್ಟುವದಕ್ಕೆ ಮುಂಚೆಯೇ ಅರ್ಧವಾಗುತ್ತಿತ್ತು. ಹೆಂಡತಿಯ ಕಿವಿಯ ಓಲೆಯು ಗಿರವಿಗೆ ಹೋಗಿತ್ತು. ಬಹಳ ಹೊತ್ತು ಸುಮ್ಮನಿದ್ದು ಅವನು, “ಉಪದೇಶಿಗಳೇ, ಪಟ್ಟಣದಲ್ಲಿ ಒಬ್ಬರು ಜನರಿಗೆ ಒಂದು ತರದ ನಿದ್ರೆ ಬರಿಸಿ, ಆ ನಿದ್ರೆಯಲ್ಲಿ ಮಾತು ಹೇಳಿ ಕುಡಿತ ಬಿಡಿಸುತ್ತಾರಂತೆ. ನಾನು ಹೋಗಬಹುದೋ? ಹೋದರೆ ಪಾಪವೋ?” ಎಂದು ಕೇಳಿದನು. ನಾನು ಕೂಡಲೇ ಉತ್ತರ ಕೊಡಲಾರದೆ, “ಎಂಟು ದಿನ ಬಿಟ್ಟು ಬಾರಪ್ಪಾ” ಎಂದು ಹೇಳಿ ಕಳುಹಿಸಿದೆನು. ಆ ಎಂಟು ದಿನಗಳಲ್ಲಿ ಓದಿ ಯೋಚಿಸಿದ್ದನ್ನೂ ಅದರಿಂದ ನನಗೇ ಉಂಟಾದ ನಾಚಿಕೆಯನ್ನೂ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಈ ಮೋಹನಿದ್ರೆಯು ಮಾಟಮಂತ್ರದ ಜಾತಿಗೆ ಸೇರಿದ್ದೋ ಎಂಬ ಭಯವನ್ನು ನೋಡೋಣ. ವಿಯೆನ್ನಾ ಪಟ್ಟಣದಿಂದ ಪ್ಯಾರಿಸಿಗೆ ಬಂದ ಮೆಸ್ಮರ್ ಎಂಬ ವೈದ್ಯನು, ಕಣ್ಣಿಗೆ ಕಾಣದ ಒಂದು ಆಕರ್ಷಣ ದ್ರವವುಂಟೆಂದೂ ತಾನು ಅದನ್ನು ರೋಗಿಯ ಶರೀರದಲ್ಲಿ ಹರಿಯಿಸಿ ಗುಣಮಾಡುವೆನೆಂದೂ ಬೋಧಿಸಿದನು. 1784ರಲ್ಲಿ ಫ್ರಾನ್ಸಿನ ಅರಸನು ಇದನ್ನು ವಿಚಾರಿಸುವದಕ್ಕೆ ಒಂದು ಮಂಡಲಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನರೂ ರಸಾಯನಶಾಸ್ತ್ರಿಯಾದ ಲಾವೋಸಿಯೇ ಎಂಬವರೂ ಅದರಲ್ಲಿದ್ದರು. ಅಂಥ ದ್ರವವೇ ಇಲ್ಲ, ಕಂಡ ಪರಿಣಾಮಗಳಿಗೆ ರೋಗಿಯ ಕಲ್ಪನೆಯೇ ಕಾರಣವೆಂದು ಅವರು ತೀರ್ಮಾನಿಸಿದರು. ಆ ಮೇಲೆ ನಮ್ಮ ನೆರೆಯ ಗೋವೆಯಲ್ಲಿ 1756ರಲ್ಲಿ ಹುಟ್ಟಿದ ಫರಿಯಾ ಎಂಬ ಪಾದ್ರಿಯು 1813ರಲ್ಲಿ ಪ್ಯಾರಿಸಿನ ಜನರ ಮುಂದೆ ಈ ನಿದ್ರೆಯನ್ನು ತೋರಿಸಿ, ಇದರ ಬಲವು ನಿದ್ರೆ ಬರಿಸುವವನಲ್ಲಿರದೆ ನಿದ್ರೆಹೋಗುವವನ ಮನಸ್ಸಿನಲ್ಲಿಯೇ ಇದೆ ಎಂದು ಕಲಿಸಿದನು. ಮ್ಯಾಂಚೆಸ್ಟರಿನ ಶಸ್ತ್ರವೈದ್ಯನಾದ ಜೇಮ್ಸ್ ಬ್ರೇಡನು 1841ರಲ್ಲಿ ಒಬ್ಬನ ಪ್ರದರ್ಶನವನ್ನು ನೋಡಿ, ತಾನೇ ಪರೀಕ್ಷಿಸಿ, 1843ರಲ್ಲಿ ಒಂದು ಗ್ರಂಥವನ್ನು ಬರೆದನು. ನಿದ್ರೆ ಎಂಬರ್ಥವುಳ್ಳ ಗ್ರೀಕ್ ಮಾತಿನಿಂದ ಹಿಪ್ನಾಟಿಸಂ ಎಂಬ ಹೆಸರು ನಿಂತದ್ದು ಅವನ ಬರಹದಿಂದಲೇ.

ಆದರೂ ಅದು ನಿಜವಾದ ನಿದ್ರೆಯಲ್ಲ. ಒಂದೇ ವಿಷಯದಲ್ಲಿ ನಟ್ಟು, ಮಿಕ್ಕದ್ದನ್ನು ಮರೆತಿರುವ ಮನಸ್ಸಿನ ಸ್ಥಿತಿ ಅದು. ಕಥೆಯನ್ನು ಓದುವವನಿಗೆ ಕರೆದ ಕೂಗು ಕೇಳಿಸದಿರುವದು ಇದಕ್ಕೆ ಹತ್ತಿರವಾದದ್ದು. ಆ ಸ್ಥಿತಿಯಲ್ಲಿರುವವನಿಗೆ ವೈದ್ಯನ ಮಾತು ಕೇಳಿಸುತ್ತದೆ. ಹೇಳಿದ ಮಾತು ಆಳವಾಗಿ ಇಳಿಯುತ್ತದೆ. ಎಲ್ಲರಿಗೂ ಇದು ಒಂದೇ ಸಮನಾಗಿ ಹತ್ತುವದಿಲ್ಲ. ಕೆಲವರಿಗೆ ಬೇಗನೆ, ಕೆಲವರಿಗೆ ಅಲ್ಪವಾಗಿ. ಇದರಲ್ಲಿ ಭೂತದ ಕೆಲಸವೂ ಇಲ್ಲ, ಮಂತ್ರದ ಕೆಲಸವೂ ಇಲ್ಲ. ಆದಕಾರಣ ಭಯಪಡಬೇಕಾದ ಕಾರಣ ಇದಲ್ಲ.

ಎರಡನೆಯದಾಗಿ, ಹೆಚ್ಚು ಘನವಾದ ಆಕ್ಷೇಪಣೆಯೊಂದುಂಟು. ಮನುಷ್ಯನಿಗೆ ಚಿತ್ತಸ್ವಾತಂತ್ರ್ಯವು ಕೊಡಲ್ಪಟ್ಟಿದೆ. ಒಬ್ಬನು ತನ್ನ ಚಿತ್ತವನ್ನು ಇನ್ನೊಬ್ಬನ ಕೈಗೆ ಒಪ್ಪಿಸಿ ಒಳ್ಳೆಯವನಾದರೆ, ಆ ಒಳ್ಳೆಯತನವು ಯಾರದು? ಕಟ್ಟಿಹಾಕಿದ ಎತ್ತು ಪೈರನ್ನು ಮೇಯಲಿಲ್ಲವೆಂದು ಅದನ್ನು ಹೊಗಳುವವರುಂಟೋ? ಈ ಪ್ರಶ್ನೆಯು ನನ್ನನ್ನು ಎರಡು ರಾತ್ರಿ ಕಾಡಿತು. ಕಡೆಗೆ ನಮ್ಮ ಊರಿನ ಒಬ್ಬ ಮುದುಕನ ಸಂಗತಿಯು ನೆನಪಿಗೆ ಬಂತು. ಅವನು ಪ್ರಾಯದಲ್ಲಿ ಇಸ್ಪೀಟು ಆಡುವವನಾಗಿದ್ದು, ಅದನ್ನು ಬಿಡಬೇಕೆಂದು ಮನಸ್ಸುಮಾಡಿ, ಕೂಲಿ ಬಂದ ಕ್ಷಣವೇ ಹೆಂಡತಿಯ ಕೈಗೆ ಕೊಟ್ಟು, “ನಾನು ಅತ್ತರೂ ಕೊಡಬೇಡ” ಎಂದು ಹೇಳುತ್ತಿದ್ದನು. ಹಣವು ಹೆಂಡತಿಯ ಕೈಯಲ್ಲಿತ್ತು, ನಿಜ. ಕೊಟ್ಟದ್ದು ಯಾರ ಚಿತ್ತ? ಅವನದೇ. ತನ್ನ ಬಲಹೀನತೆಯನ್ನು ತಿಳಿದು ಸಹಾಯವನ್ನು ಕೇಳುವದು ಸಹ ಚಿತ್ತದ ಕೆಲಸವೇ. ಅದರಲ್ಲಿ ತಗ್ಗಿಸಿಕೊಳ್ಳುವ ಗುಣವೂ ಇದೆ. ಹಾಗೆಯೇ, ಯಾವನಾದರೂ ತನ್ನ ಮನಃಪೂರ್ವಕವಾಗಿ ಒಬ್ಬ ನಂಬಿಗಸ್ತನಾದ ವೈದ್ಯನ ಬಳಿಗೆ ಹೋಗಿ, “ಈ ಆಶೆಯ ಮೇಲೆ ನನಗೆ ಬಲ ಬರುವಂತೆ ಮಾಡಿರಿ” ಎಂದು ಕೇಳಿದರೆ, ಅವನು ತನ್ನ ಚಿತ್ತವನ್ನು ಮಾರಿಕೊಂಡವನಲ್ಲ.

ಮೂರನೆಯದು, ಅದರಿಂದ ಸಾಕಾಗುವದೋ ಎಂಬುವದು. ಇಲ್ಲಿಯೇ ನಾವು ಎಚ್ಚರವಾಗಿರತಕ್ಕದ್ದು. ಬೀಡಿ ಸಿಗರೇಟು ಸೇದುವವರಿಗೆ ಈ ಚಿಕಿತ್ಸೆಯನ್ನು ಕೊಟ್ಟು ನೋಡಿದ 14 ಪರೀಕ್ಷೆಗಳನ್ನು ಪಂಡಿತರು ಒಟ್ಟುಗೂಡಿಸಿ 2019ರಲ್ಲಿ ವಿಮರ್ಶೆಮಾಡಿದರು. ಬುದ್ಧಿಮಾತು ಮೊದಲಾದ ಇತರ ಸಹಾಯಗಳಿಗಿಂತ ಇದು ಹೆಚ್ಚು ಫಲಕಾರಿಯೆಂಬುವದಕ್ಕೆ ಸಾಕಾದಷ್ಟು ಸಾಕ್ಷ್ಯವು ಅವರಿಗೆ ದೊರೆಯಲಿಲ್ಲ. ಒಂದೇ ಸಲ ಕೂತು ಎದ್ದರೆ ಚಟವು ಹೋಗುವದೆಂದು ಹಣವನ್ನು ಕೇಳುವವರ ಮಾತನ್ನು ನಂಬಬಾರದು.

ಚಟವು ಮನಸ್ಸಿನೊಳಗೆ ಮಾತ್ರ ವಾಸಮಾಡುವದಿಲ್ಲ. ಅದು ಸಂಜೆಯ ಹೊತ್ತಿನಲ್ಲಿಯೂ, ಜೊತೆಗಾರರ ಕರೆಯಲ್ಲಿಯೂ, ಕೂಲಿಯ ದಿನದಲ್ಲಿಯೂ, ಅಂಗಡಿಯ ಮುಂದೆ ಹಾದುಹೋಗುವ ದಾರಿಯಲ್ಲಿಯೂ ಬೇರುಬಿಟ್ಟಿರುತ್ತದೆ. ನಿದ್ರೆಯಲ್ಲಿ ಹೇಳಿದ ಮಾತು ಮನೆಯನ್ನು ಒಂದು ಸಾರಿ ಗುಡಿಸಬಹುದು. ಗುಡಿಸಿದ ಮನೆಯು ಬರಿದಾಗಿಯೇ ಉಳಿದರೆ ಹೊರಟುಹೋದ ದುರಾತ್ಮವು ಬೇರೆ ಏಳನ್ನು ಕೂಡಿಸಿಕೊಂಡು ಬಂದ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಆ ಮನೆಯಲ್ಲಿ ಇನ್ನು ಮುಂದೆ ಯಾರು ವಾಸಿಸುವರು? ಆ ಸಂಜೆಯ ಹೊತ್ತನ್ನು ಯಾರು ತುಂಬುವರು?

ಈ ಮಾತಿಗೆ ಸ್ವಿಟ್ಜರ್ಲೆಂಡ್ ದೇಶದ ಆಗಸ್ಟ್ ಫೊರೆಲ್ ಎಂಬ ವೈದ್ಯರ ವೃತ್ತಾಂತವು ಬೆಳಕನ್ನು ಕೊಡುತ್ತದೆ. ಇವರು 1879ರಿಂದ ಜೂರಿಕ್ ಪಟ್ಟಣದ ಬುರ್ಗ್‌ಹೋಲ್ಜ್ಲಿ ಎಂಬ ಮಾನಸಿಕ ಆಸ್ಪತ್ರೆಗೆ ಮುಖ್ಯಸ್ಥರಾಗಿದ್ದರು. 1887ರಲ್ಲಿ ಫ್ರಾನ್ಸಿನ ನಾನ್ಸಿ ಪಟ್ಟಣಕ್ಕೆ ಹೋಗಿ ಬರ್ನ್‌ಹೈಮ್ ಎಂಬ ಪ್ರವೀಣರಿಂದ ಮೋಹನಿದ್ರೆಯ ಚಿಕಿತ್ಸೆಯನ್ನು ಕಲಿತು, 1889ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದರು. ಆದರೆ ಕುಡಿತದ ವಿಷಯದಲ್ಲಿ ಅವರು ಮುಖ್ಯ ಪಾಠವನ್ನು ಅದಕ್ಕೆ ಮುಂಚೆಯೇ ಬೇರೊಬ್ಬನಿಂದ ಕಲಿತಿದ್ದರು. ಆಸ್ಪತ್ರೆಯಲ್ಲಿ ಅವರು ಕುಡುಕರನ್ನು ಗುಣಪಡಿಸಲಾರದೆ ಇದ್ದ ಕಾಲದಲ್ಲಿ ಬೊಸ್‌ಹಾರ್ಟ್ ಎಂಬ ಪಾದರಕ್ಷೆ ಹೊಲಿಯುವವನು ಅಂಥವರನ್ನೇ ಬಿಡಿಸುತ್ತಿದ್ದನು. ಅವನು, ರೋಷಾ ಎಂಬ ಸಭಾಪಾಲಕರು 1877ರಲ್ಲಿ ಜಿನೀವಾದಲ್ಲಿ ಸ್ಥಾಪಿಸಿದ ನೀಲ ಶಿಲುಬೆ ಎಂಬ ಪಾನನಿರೋಧ ಸಂಘಕ್ಕೆ ಸೇರಿದವನು. ತನ್ನಷ್ಟು ವಿದ್ಯೆಯುಳ್ಳವನಿಂದ ಆಗದ್ದು ನಿನ್ನಿಂದ ಹೇಗಾಗುತ್ತದೆ ಎಂದು ಫೊರೆಲರು ವಿಚಾರಿಸಲು, ತಾನು ಮದ್ಯವನ್ನು ಮುಟ್ಟುವದಿಲ್ಲ, ತಾವು ಮುಟ್ಟುತ್ತೀರಿ, ಭೇದವಿರುವದು ಇಷ್ಟೇ ಎಂಬ ಅರ್ಥದಲ್ಲಿ ಅವನು ಉತ್ತರ ಕೊಟ್ಟನಂತೆ. ಫೊರೆಲರು ಮಿತವಾಗಿ ಕುಡಿಯುತ್ತಿದ್ದವರೇ ಹೊರತು ಕುಡುಕರಲ್ಲ. ಆದರೂ ಆ ಮಾತಿಗೆ ಕೋಪಿಸಿಕೊಳ್ಳದೆ, ಮದ್ಯವನ್ನು ಸಂಪೂರ್ಣವಾಗಿ ಬಿಟ್ಟರು. ಅವರ ಪ್ರಯತ್ನದಿಂದ 1889ರಲ್ಲಿ ಎಲ್ಲಿಕೋನ್ ಎಂಬ ಹಳ್ಳಿಯಲ್ಲಿ ಕುಡಿತಕ್ಕೆ ಬಿದ್ದವರಿಗಾಗಿ ಒಂದು ಆಶ್ರಯಸ್ಥಾನವು ತೆರೆಯಲ್ಪಟ್ಟಾಗ, ಆ ಬೊಸ್‌ಹಾರ್ಟನೇ ಅದರ ಮನೆಯೊಡೆಯನಾಗಿ ನೇಮಿಸಲ್ಪಟ್ಟನು.

ಇದನ್ನು ಓದಿ ಮುಗಿಸಿದಾಗ ನನ್ನ ಕೈಯು ರೂಢಿಯಂತೆ ಮಗ್ಗುಲಲ್ಲಿದ್ದ ಎಲೆಯಡಿಕೆಯ ಸಂಚಿಯ ಕಡೆಗೆ ಹೋಗಿತ್ತು. ವಾಚಕರೇ, ನಾನು ಹದಿನೆಂಟು ವರುಷಗಳಿಂದ ಹೊಗೆಸೊಪ್ಪನ್ನು ಹಾಕುವವನು. ಆ ಯೌವನಸ್ಥನು ಜಗಲಿಯ ಮೇಲೆ ಕೂತು ತನ್ನ ದುಃಖವನ್ನು ಹೇಳುತ್ತಿದ್ದಾಗಲೂ ನನ್ನ ದವಡೆಯಲ್ಲಿ ಅದು ಇತ್ತು. ಪರರಿಗೆ ಚಿತ್ತಸ್ವಾತಂತ್ರ್ಯವನ್ನು ಬೋಧಿಸುವವನು ಒಂದು ಎಲೆಯ ಚೂರಿಗೆ ದಾಸನಾಗಿದ್ದೆನು.

ಎಂಟನೆಯ ದಿನ ಅವನು ಬಂದನು. ನಾನು ಹೇಳಿದ್ದೇನಂದರೆ: “ತಮ್ಮಾ, ಹೋಗುವದು ಪಾಪವಲ್ಲ. ಆದರೆ ಮೊದಲು ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣು. ಬಹುಕಾಲ ಹೆಚ್ಚಾಗಿ ಕುಡಿದವನು ಫಕ್ಕನೆ ನಿಲ್ಲಿಸಿದರೆ ಸೆಳೆತವೂ ಚಿತ್ತಭ್ರಮೆಯೂ ಬಂದು ಪ್ರಾಣಕ್ಕೆ ಅಪಾಯವಾಗಬಹುದು, ಅದಕ್ಕೆ ಔಷಧವುಂಟು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿದೆ. ಅಲ್ಲಿಯ ವೈದ್ಯರು ಮೋಹನಿದ್ರೆಯೂ ಸಹಾಯವಾದೀತೆಂದರೆ ಅದನ್ನೂ ಮಾಡು. ಮನೆಗೆ ಬಂದ ಮೇಲೆ, ಸಂಜೆ ಆರರಿಂದ ಎಂಟರ ವರೆಗೆ ನನ್ನ ಜಗಲಿಗೆ ಬಾ. ನೀನು ಅದನ್ನು ಬಿಡು, ನಾನು ಇದನ್ನು ಬಿಡುತ್ತೇನೆ.” ಹೀಗೆ ಹೇಳಿ ಸಂಚಿಯನ್ನು ಅವನ ಕೈಗೆ ಕೊಟ್ಟೆನು. ಅವನು ಅದನ್ನು ನೋಡಿ, ಬಹುದಿನಗಳ ಮೇಲೆ ಮೊದಲ ಸಲ ನಕ್ಕನು.

ಆ ಮೇಲೆ ಅವನು ಒಂದು ಸಾರಿ ಬಿದ್ದನು. ನಾನು ಎರಡು ಸಾರಿ ಬಿದ್ದೆನು. ನಾನು ನನ್ನ ಬೀಳುವಿಕೆಯನ್ನು ಅವನಿಗೆ ಹೇಳಿದ ದಿನವೇ ಅವನು ತನ್ನದನ್ನು ನನಗೆ ಹೇಳಿದನು. ಈಗ ಏಳು ತಿಂಗಳುಗಳಾದವು. ಅವನ ಹೆಂಡತಿಯ ಓಲೆಯು ಇನ್ನೂ ಗಿರವಿಯಲ್ಲಿದೆ. ಆದರೆ ಪ್ರತಿ ಶನಿವಾರ ಅದಕ್ಕಾಗಿ ಸ್ವಲ್ಪ ಹಣವು ಡಬ್ಬಿಗೆ ಬೀಳುತ್ತದೆ.

ಸಹೋದರ ಸಹೋದರಿಯರೇ, ನಿಮ್ಮ ಸಭೆಯಲ್ಲಿಯೂ ಇಂಥವನೊಬ್ಬನು ಇದ್ದಾನು. ಮೋಹನಿದ್ರೆಗೆ ಹೋಗಬಹುದೋ ಎಂದು ಅವನು ಕೇಳಿದರೆ ಹೋಗಬಹುದೆನ್ನಿರಿ. ಅವನು ಎಚ್ಚರವಾಗಿ ಕಳೆಯಬೇಕಾದ ಸಂಜೆಗಳಲ್ಲಿ ಅವನ ಸಂಗಡ ಕೂತುಕೊಳ್ಳುವವರು ಯಾರೆಂಬುವದನ್ನು ಮಾತ್ರ ನಾವು ಈಗಲೇ ತೀರ್ಮಾನಿಸಿಕೊಂಡಿರೋಣ.