ಮನೆಯ ಬೆಲೆಯೂ ಪರಿಮಾಣವ್ರತವೂ

ಗೃಹಸ್ಥನಾದ ಶ್ರಾವಕನು ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಮಾಡುವ ದೊಡ್ಡ ವ್ಯವಹಾರವೆಂದರೆ ಮನೆಯ ವಿಕ್ರಯ. ನಿತ್ಯದ ತೂಕ ಅಳತೆಗಳಲ್ಲಿ ಪ್ರಾಮಾಣಿಕನಾದವನೂ ಆಗ ‘ಹೆಚ್ಚು ಹೇಳಿ ನೋಡೋಣ, ಕೊಟ್ಟರೆ ಲಾಭ’ ಎನ್ನುವುದುಂಟು. ಈ ಮಾತಿನಿಂದ ವ್ರತಕ್ಕೆ ಹಾನಿಯಿದೆಯೇ ಎಂಬುದು ವಿಚಾರಣೀಯ.

ತತ್ತ್ವಾರ್ಥಸೂತ್ರವು ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗ ಕ್ಷೇತ್ರದೊಡನೆ ವಾಸ್ತುವನ್ನು, ಅಂದರೆ ಮನೆಯನ್ನು, ಮೊದಲಿಗೇ ಹೆಸರಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ನಮ್ಮ ಪ್ರಶ್ನೆಗೆ ನೇರವಾಗಿ ಸಲ್ಲುತ್ತವೆ. ತಕ್ಕ ಬೆಲೆ ದೊರೆತರೂ ಇನ್ನೂ ಹೆಚ್ಚನ್ನು ಬಯಸುವುದು ಅತಿಲೋಭ. ಮಾರಿದ ಮೇಲೆ ಅದೇ ವಸ್ತುವಿನಿಂದ ಇತರರಿಗೆ ಅಧಿಕ ಲಾಭವಾದುದನ್ನು ಕಂಡು ವಿಷಾದಪಡುವುದು ಅತಿವಿಸ್ಮಯ. ಮೊದಲನೆಯದು ಮಾರುವ ಮುನ್ನ ಕಾಡುತ್ತದೆ, ಎರಡನೆಯದು ಮಾರಿದ ಅನಂತರ.

ನಷ್ಟಕ್ಕೆ ಮಾರಬೇಕೆಂದು ವ್ರತವು ವಿಧಿಸುವುದಿಲ್ಲ. ತಕ್ಕ ಬೆಲೆ ಯಾವುದೆಂದು ಅರಿಯುವುದೇ ಮೊದಲ ಕರ್ತವ್ಯ. ಅದೇ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಕ್ರಯಗಳು, ಸರ್ಕಾರದ ಮಾರ್ಗಸೂಚಿ ಮೌಲ್ಯ, ನಿವೇಶನದ ಅಳತೆ, ಕಟ್ಟಡದ ವಯಸ್ಸು ಇವುಗಳನ್ನು ನೋಡಿ ನಿರ್ಣಯಿಸಬೇಕು. ‘ತಂದೆಯವರು ಕಟ್ಟಿಸಿದ ಮನೆ’ ಎಂದು ಬೆಲೆ ಏರಿಸುವುದು ಯುಕ್ತವಲ್ಲ. ಆ ಮೂರ್ಛೆ ನಮ್ಮದು; ಅದರ ಋಣವನ್ನು ಕೊಳ್ಳುವವನೇಕೆ ತೀರಿಸಬೇಕು?

ತಕ್ಕ ಬೆಲೆ 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಚೌಕಾಸಿ ನಡೆಯುವುದೆಂದು ಇಬ್ಬರೂ ಬಲ್ಲಲ್ಲಿ 42 ಲಕ್ಷ ಹೇಳಿದರೆ ಅಸತ್ಯವಾಗದು. ಆದರೆ ‘ನಿನ್ನೆ ಒಬ್ಬರು 45ಕ್ಕೆ ಕೇಳಿದ್ದರು’ ಎಂದು ಇಲ್ಲದ ಗಿರಾಕಿಯನ್ನು ಸೃಷ್ಟಿಸಿದರೆ ಸತ್ಯಾಣುವ್ರತಕ್ಕೆ ಕುಂದು. ಬಂದವನ ತುರ್ತನ್ನು ಅರಿತು 50 ಲಕ್ಷಕ್ಕೆ ಏರಿಸಿದರೆ ಅದು ಸ್ಪಷ್ಟವಾದ ಅತಿಲೋಭ. ಮಳೆಗಾಲದಲ್ಲಿ ಸೋರುವ ಮಾಳಿಗೆಗೆ ಬೇಸಿಗೆಯಲ್ಲಿ ಬಣ್ಣ ಬಳಿದು ಮೌನವಾಗಿರುವುದೂ ವಂಚನೆಯೇ. ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮಹತ್ವದ ದೋಷವನ್ನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮವೂ ಹೇಳುತ್ತದೆ.

ಕ್ರಯಪತ್ರದಲ್ಲಿ ಕಡಿಮೆ ಬರೆಸಿ ಉಳಿದುದನ್ನು ಗುಟ್ಟಾಗಿ ನಗದಿನಲ್ಲಿ ಪಡೆಯುವ ರೂಢಿಯನ್ನು ಹಲವರು ದೋಷವೆಂದೇ ಎಣಿಸರು. ಇದು ಅಚೌರ್ಯಾಣುವ್ರತಕ್ಕೆ ಹೇಳಿರುವ ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರದೊಳಗೆ ಬರುತ್ತದೆ. ಹೇಳಿದ ಬೆಲೆ, ಪಡೆದ ಬೆಲೆ, ಬರೆಸಿದ ಬೆಲೆ ಇವುಗಳಲ್ಲಿ ಕೊನೆಯ ಎರಡು ಒಂದೇ ಆಗಿರಬೇಕು.

ಉಪವಾಸದ ಪ್ರತ್ಯಾಖ್ಯಾನವನ್ನು ಹಸಿವು ಬಾಧಿಸುವ ಮುನ್ನವೇ ಸ್ವೀಕರಿಸುತ್ತೇವೆ. ಹಸಿದ ಮೇಲೆ ನಿಶ್ಚಯಿಸುವುದು ಕಠಿಣ. ಬೆಲೆಯ ವಿಷಯವೂ ಹಾಗೆಯೇ. ಕೊಳ್ಳುವವರು ಬಾಗಿಲಿಗೆ ಬರುವ ಮುನ್ನವೇ ಮನೆಯವರೆಲ್ಲ ಕುಳಿತು, ‘ಇಷ್ಟು ದೊರೆತರೆ ಸಾಕು, ಇದಕ್ಕಿಂತ ಹೆಚ್ಚು ಬೇಡ’ ಎಂದು ಮಿತಿ ಕಟ್ಟಿಕೊಳ್ಳಬೇಕು. ಹೀಗೆ ಮಾರಿದವನಿಗೆ, ಮುಂದೆ ಆ ಮನೆ ಎಷ್ಟಕ್ಕೆ ಹೋದರೂ ವಿಷಾದಕ್ಕೆ ಕಾರಣವಿರದು. ಮನೆ ಮಾರಲಿರುವ ಧರ್ಮಬಂಧುಗಳು ಈ ನಿಯಮವನ್ನು ಆಚರಿಸಿ ನೋಡಬೇಕು.